ಕೊಳದ ಚಿತ್ರವೂ ಬೆಳಕಿನ ಪಾಠವೂ

ಭೌತವಿಜ್ಞಾನದ ತರಗತಿಯಲ್ಲಿ ಬೆಳಕಿನ ಅಧ್ಯಾಯ ಆರಂಭವಾಗುವುದು ಕಪ್ಪುಹಲಗೆಯ ಮೇಲೆ ಎಳೆದ ಒಂದು ಅಡ್ಡಗೆರೆಯಿಂದ. ಅದರ ಮೇಲೆ ಒಂದು ಲಂಬ, ಅತ್ತ ಒಂದು ಬಾಣ, ಇತ್ತ ಒಂದು ಬಾಣ. ಪತನಕೋನವು ಪ್ರತಿಫಲನಕೋನಕ್ಕೆ ಸಮವೆಂದು ಉಪನ್ಯಾಸಕರು ಹೇಳುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದೇ ಗೆರೆಗಳು ಮರಳಿ ಬರುತ್ತವೆ. ಈ ವಿದ್ಯಾರ್ಥಿಗಳಲ್ಲಿ ಅನೇಕರು ದಿನವೂ ಕೆರೆಯ ಏರಿಯ ಮೇಲೆ ನಡೆದು ಬರುವವರು. ದಡದ ಬಳಿ ನೀರಿನ ತಳ ಕಾಣುವಾಗ ನಡುಕೆರೆಯಲ್ಲಿ ಆಕಾಶ ಮಾತ್ರವೇ ಏಕೆ ಕಾಣುತ್ತದೆ? ನೀರಿನಲ್ಲಿ ತೋರುವ ಬೆಟ್ಟವು ನಿಜವಾದ ಬೆಟ್ಟಕ್ಕಿಂತ ಏಕೆ ಕಪ್ಪಾಗಿರುತ್ತದೆ? ಈ ಪ್ರಶ್ನೆಗಳನ್ನು ಕೇಳಿದರೆ ತರಗತಿಯಲ್ಲಿ ಮೌನ ಆವರಿಸುತ್ತದೆ. ನಿಯಮವನ್ನು ಬಲ್ಲವರು ನೀರನ್ನು ನೋಡಿಲ್ಲ.

ಈ ಕೊರತೆಯನ್ನು ನೀಗುವುದಕ್ಕೆ ಚಿತ್ರಕಲೆಯ ನೆರವನ್ನು ಪಡೆಯಬೇಕೆಂಬುದು ನಮ್ಮ ಅಭಿಪ್ರಾಯ. ವಿಜ್ಞಾನದ ಪತ್ರಿಕೆಯಲ್ಲಿ ಚಿತ್ರದ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಒಂದು ತೋಟದ ಕೊಳವನ್ನು ಸುಮಾರು ಮೂವತ್ತು ವರ್ಷ ನೋಡುತ್ತ ಕುಳಿತ ಒಬ್ಬ ಚಿತ್ರಕಾರನ ಕೆಲಸವನ್ನು ಪರಿಶೀಲಿಸಿದರೆ, ಬೆಳಕಿನ ಅಧ್ಯಾಯದ ಅರ್ಧಭಾಗವೇ ಅದರಲ್ಲಿ ಅಡಗಿರುವುದು ತಿಳಿಯುತ್ತದೆ. ಅಷ್ಟೇ ಅಲ್ಲ; ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ನೀರುಗಳಿಗೆ ಇಂದು ಬೇಕಾಗಿರುವುದು ಅಂಥ ನೋಟವೇ ಎಂಬುದೂ ಮನದಟ್ಟಾಗುತ್ತದೆ.

ಒಂದು ತೋಟದ ಕೊಳ

ಫ್ರಾನ್ಸಿನ ಕ್ಲಾಡ್ ಮೋನೆ ೧೮೪೦ರಲ್ಲಿ ಹುಟ್ಟಿದವನು. ೧೮೭೪ರಲ್ಲಿ ಆತನೂ ಆತನ ಗೆಳೆಯರೂ ಪ್ಯಾರಿಸಿನಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಬಂದರಿನ ಸೂರ್ಯೋದಯವನ್ನು ತೋರುವ ಆತನ ಚಿತ್ರವೊಂದಿತ್ತು. ಅದರ ಹೆಸರಿನಲ್ಲಿದ್ದ ‘ಇಂಪ್ರೆಷನ್’ ಎಂಬ ಮಾತನ್ನು ಹಿಡಿದು ವಿಮರ್ಶಕನೊಬ್ಬ ಹಾಸ್ಯಮಾಡಿದ. ಹಾಸ್ಯದ ಮಾತೇ ಪಂಥದ ಹೆಸರಾಗಿ ನಿಂತಿತು. ವಸ್ತು ಏನೆಂದು ನಮಗೆ ಮೊದಲೇ ತಿಳಿದಿರುವುದನ್ನು ಬದಿಗಿಟ್ಟು, ಆ ಕ್ಷಣದ ಬೆಳಕಿನಲ್ಲಿ ಅದು ಕಣ್ಣಿಗೆ ಹೇಗೆ ತೋರಿತೋ ಹಾಗೆ ಬಣ್ಣದಲ್ಲಿ ಇರಿಸುವುದು ಈ ಪಂಥದವರ ಗುರಿ.

೧೮೮೩ರಲ್ಲಿ ಮೋನೆ ಜಿವೆರ್ನಿ ಎಂಬ ಹಳ್ಳಿಗೆ ಬಂದು ನೆಲೆಸಿದ. ೧೮೯೩ರಲ್ಲಿ ಮನೆಯ ಎದುರಿನ ತಗ್ಗಿನ ಭೂಮಿಯನ್ನು ಕೊಂಡು, ಹತ್ತಿರದ ಎಪ್ತ್ ನದಿಯ ಕವಲೊಂದರಿಂದ ನೀರು ತಿರುಗಿಸಿ ಕೊಳವೊಂದನ್ನು ನಿರ್ಮಿಸಲು ಹೊರಟ. ಆಗ ನೆರೆಯ ರೈತರು ಅಡ್ಡಿ ಮಾಡಿದರು. ಪರದೇಶದ ಗಿಡಗಳಿಂದ ನೀರು ಕೆಟ್ಟು ದನಕರುಗಳಿಗೆ ಕೇಡಾದೀತೆಂಬುದು ಅವರ ಭಯ. ಕೊನೆಗೆ ಸರಕಾರದ ಅಧಿಕಾರಿಗಳ ಅನುಮತಿ ದೊರೆಯಿತು; ಕೊಳವಾಯಿತು; ಅದರ ಮೇಲೆ ಜಪಾನೀ ಮಾದರಿಯ ಮರದ ಸೇತುವೆ, ದಡದಲ್ಲಿ ಬಾಗಿದ ವಿಲೋ ಮರಗಳು, ನೀರಿನ ಮೇಲೆ ನೈದಿಲೆ. ಆ ರೈತರ ಭಯವನ್ನು ಹಳ್ಳಿಗರ ಅಜ್ಞಾನವೆಂದು ನಕ್ಕುಬಿಡುವುದು ಸರಿಯಲ್ಲ. ಹೊರನಾಡಿನ ತೇಲುಗಿಡವು ನೀರನ್ನು ಹಾಳುಮಾಡಬಲ್ಲುದೆಂಬುದನ್ನು ನಮ್ಮ ಕೆರೆಗಳು ಮುಂದೆ ಚೆನ್ನಾಗಿ ತೋರಿಸಿಕೊಟ್ಟಿವೆ. ಆ ಮಾತಿಗೆ ಮತ್ತೆ ಬರುತ್ತೇವೆ.

ಈ ಒಂದು ಕೊಳವನ್ನು ಕುರಿತು ಮೋನೆ ಬರೆದ ತೈಲಚಿತ್ರಗಳು ಸುಮಾರು ೨೫೦. ೧೯೦೯ರಲ್ಲಿ ಅವುಗಳಲ್ಲಿ ೪೮ನ್ನು ಪ್ಯಾರಿಸಿನಲ್ಲಿ ಒಟ್ಟಿಗೆ ಪ್ರದರ್ಶಿಸಿದ. ೧೯೧೮ರಲ್ಲಿ ಮಹಾಯುದ್ಧ ನಿಂತಾಗ ಇದೇ ಕೊಳದ ದೊಡ್ಡ ಚಿತ್ರಗಳನ್ನು ದೇಶಕ್ಕೆ ಕಾಣಿಕೆಯಾಗಿ ಕೊಡಲು ಮುಂದಾದ. ೧೯೨೬ರಲ್ಲಿ ಆತ ತೀರಿಕೊಂಡ ಮೇಲೆ, ೧೯೨೭ರಲ್ಲಿ ಅವು ಪ್ಯಾರಿಸಿನ ಒರಾಂಜರಿ ಭವನದ ಎರಡು ಅಂಡಾಕಾರದ ಕೋಣೆಗಳಲ್ಲಿ ನೆಲೆಗೊಂಡವು. ಪ್ರತಿಯೊಂದರ ಎತ್ತರ ಸುಮಾರು ೨ ಮೀಟರು. ಒಟ್ಟು ಉದ್ದ ೯೦ ಮೀಟರಿಗೂ ಮಿಗಿಲು.

ಭಾವಕ್ಕೆ ಆಧಾರವಾದ ತಂತ್ರ

ಈ ಚಿತ್ರಗಳ ಮುಂದೆ ನಿಂತವರಿಗೆ ಉಂಟಾಗುವ ಭಾವವೇನು? ಪ್ರಶಾಂತಿ, ಅದರೊಡನೆ ಒಂದು ಬಗೆಯ ತೇಲುವಿಕೆ. ಮೇಲು ಯಾವುದು, ಕೆಳಗು ಯಾವುದು ಎಂಬ ನಿಶ್ಚಯ ಮೆಲ್ಲಗೆ ಸಡಿಲವಾಗುವ ಅನುಭವ. ಭಾವವು ಚಿತ್ರಕಾರನ ಹೃದಯದಿಂದ ನೇರವಾಗಿ ನೋಡುವವನ ಹೃದಯಕ್ಕೆ ಹಾರಿಬರುವುದೆಂದು ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಅದು ಕುಂಚದ ಒಂದೊಂದು ಎಳೆತದ ಮೂಲಕ, ಕಾರಣ ಕಾರ್ಯಗಳ ಸರಣಿಯಾಗಿಯೇ ಬರುತ್ತದೆ. ತಂತ್ರವನ್ನು ಬಿಡಿಸಿ ನೋಡಿದರೆ ಭಾವ ಎಲ್ಲಿಂದ ಹುಟ್ಟಿತೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ೧೯೦೯ರ ಪ್ರದರ್ಶನದ ಹೆಚ್ಚಿನ ಚಿತ್ರಗಳಲ್ಲಿ ದಿಗಂತವಿಲ್ಲ. ದಡವನ್ನೂ ಆಕಾಶವನ್ನೂ ಚೌಕಟ್ಟಿನಿಂದ ಹೊರಗಿಟ್ಟು ಮೋನೆ ನೀರನ್ನಷ್ಟೇ ಉಳಿಸಿಕೊಂಡ. ಆಕಾಶವೂ ಮರಗಳೂ ಇವೆ; ಆದರೆ ತಲೆಕೆಳಗಾಗಿ, ನೀರಿನೊಳಗೆ ಮಾತ್ರ. ನಿಂತ ನೆಲವನ್ನು ತೋರಿಸುವ ಗೆರೆಯೇ ಇಲ್ಲವಾದ್ದರಿಂದ ನೋಡುವವನಿಗೆ ತೇಲಿದಂತಾಗುತ್ತದೆ.

ಎರಡನೆಯದಾಗಿ, ಕುಂಚದ ಎಳೆತಗಳಲ್ಲಿ ಎರಡು ದಿಕ್ಕುಗಳಿವೆ. ನೈದಿಲೆಯ ಎಲೆಗಳು ಅಡ್ಡ ಎಳೆತಗಳು; ಮರಗಳ ಪ್ರತಿಬಿಂಬಗಳು ಬಹುಮಟ್ಟಿಗೆ ಉದ್ದ ಎಳೆತಗಳು. ಅಡ್ಡ ಎಳೆತವು ನೀರಿನ ಮೇಲ್ಮೈಯನ್ನೂ ಉದ್ದ ಎಳೆತವು ನೀರಿನಲ್ಲಿ ತೋರುವ ಆಳವನ್ನೂ ಸೂಚಿಸುತ್ತದೆ. ಇದು ಭೌತವಿಜ್ಞಾನಕ್ಕೆ ಒಪ್ಪುವ ಮಾತು. ಕಿರುದೆರೆಗಳು ಎದ್ದ ನೀರು ಸಾವಿರಾರು ಪುಟ್ಟ ಕನ್ನಡಿಗಳ ಸಮೂಹ. ಪ್ರತಿಯೊಂದೂ ಒಂದೊಂದು ಕಡೆಗೆ ತುಸು ವಾಲಿರುತ್ತದೆ. ದೂರದ ನೀರನ್ನು ನಾವು ಓರೆಯಾಗಿ ನೋಡುವಾಗ ಈ ವಾಲಿಕೆಯಿಂದ ಪ್ರತಿಬಿಂಬವು ಪಕ್ಕಕ್ಕೆ ಹರಡುವುದಕ್ಕಿಂತ ಮೇಲೆ ಕೆಳಗೆ ಬಹಳ ಹೆಚ್ಚಾಗಿ ಹಿಗ್ಗುತ್ತದೆ. ಚಂದ್ರನ ದುಂಡುಬಿಂಬವು ಕೆರೆಯಲ್ಲಿ ಉದ್ದನೆಯ ಬೆಳ್ಳಿಯ ಹಾದಿಯಾಗುವುದು ಇದರಿಂದಲೇ.

ಮೂರನೆಯದಾಗಿ, ಎಲೆಗಳ ಆಕಾರ. ಹತ್ತಿರದ ಎಲೆ ಅಗಲವಾದ ಅಂಡಾಕಾರ. ದೂರ ಹೋದಂತೆ ಅದು ಚಪ್ಪಟೆಯಾಗುತ್ತ ಕೊನೆಗೆ ಬರಿಯ ಗೆರೆ. ದಿಗಂತವನ್ನು ತೆಗೆದುಹಾಕಿದ ಚಿತ್ರಕಾರ ಅದರ ಕೆಲಸವನ್ನು ಈ ಎಲೆಗಳಿಗೆ ವಹಿಸಿದ್ದಾನೆ. ಎಲೆಗಳನ್ನು ಅನುಸರಿಸಿದ ಕಣ್ಣು ನೀರನ್ನು ಮಲಗಿದ ನೆಲವೆಂದು ಕಾಣುತ್ತದೆ. ಪ್ರತಿಬಿಂಬವನ್ನು ಅನುಸರಿಸಿದರೆ ಅದೇ ನೀರು ನಿಂತ ತೆರೆಯಂತೆ ತೋರುತ್ತದೆ. ಈ ಎರಡರ ನಡುವಣ ತೂಗಾಟವೇ ನಾವು ಭಾವವೆಂದು ಕರೆದದ್ದು.

ನೀರಿನ ಲೆಕ್ಕ

ಇನ್ನು ನಮ್ಮ ಮೊದಲ ಪ್ರಶ್ನೆಗಳಿಗೆ ಬರೋಣ. ನೀರು ಅರೆಗನ್ನಡಿ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಪಾಲು ಹಿಂದಿರುಗುತ್ತದೆ, ಉಳಿದದ್ದು ಒಳಹೊಗುತ್ತದೆ. ಈ ಪಾಲು ಕೋನವನ್ನು ಅವಲಂಬಿಸಿದೆ. ನೇರವಾಗಿ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಹಿಂದಿರುಗುವುದು ನೂರಕ್ಕೆ ೨ ಭಾಗ ಮಾತ್ರ. ಪತನಕೋನ ೬೦ ಡಿಗ್ರಿಯಾದಾಗ ಸುಮಾರು ೬ ಭಾಗ. ೮೦ ಡಿಗ್ರಿಗೆ ಏರಿದಾಗ ಒಮ್ಮೆಗೇ ಸುಮಾರು ೩೫ ಭಾಗ. ಆದ್ದರಿಂದ ಕಾಲಬುಡದ ನೀರನ್ನು ನೋಡಿದಾಗ ಪ್ರತಿಬಿಂಬ ಕ್ಷೀಣವಾಗಿ ತಳದ ಮಣ್ಣೂ ಮೀನೂ ಕಾಣುತ್ತವೆ. ನಡುಕೆರೆಯತ್ತ ಓರೆಯಾಗಿ ನೋಡಿದಾಗ ಆಕಾಶವೇ ಮೇಲುಗೈಯಾಗುತ್ತದೆ. ಹಿಂದಿರುಗುವುದು ಒಂದು ಪಾಲು ಮಾತ್ರವಾದ್ದರಿಂದ ಪ್ರತಿಬಿಂಬದ ಬೆಟ್ಟ ನಿಜವಾದ ಬೆಟ್ಟಕ್ಕಿಂತ ಮಂಕು. ಮಂಚನಬೆಲೆಯ ನೀರಿನ ಅಂಚಿನಲ್ಲಿ ನಿಂತು ಸಾವನದುರ್ಗದ ಬಂಡೆಯತ್ತ ದೃಷ್ಟಿ ಹಾಯಿಸುವವರು ಇದನ್ನು ತಾವೇ ಪರೀಕ್ಷಿಸಬಹುದು.

ಇನ್ನೂ ಒಂದು ಸೂಕ್ಷ್ಮವುಂಟು. ಪ್ರತಿಬಿಂಬವು ದೃಶ್ಯದ ತಲೆಕೆಳಗಾದ ನಕಲಲ್ಲ. ನಮ್ಮ ಕಣ್ಣು ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ, ಅಷ್ಟೇ ಕೆಳಗಿರುವ ಮತ್ತೊಂದು ಕಣ್ಣಿನಿಂದ ನೋಡಿದರೆ ದೃಶ್ಯ ಹೇಗಿರುವುದೋ ಅದೇ ಪ್ರತಿಬಿಂಬ. ಆದ್ದರಿಂದ ಸೇತುವೆಯ ಮೇಲ್ಭಾಗವನ್ನು ನಾವು ನೇರವಾಗಿ ಕಂಡರೆ, ನೀರು ನಮಗೆ ಅದರ ಅಡಿಭಾಗವನ್ನು ತೋರಿಸುತ್ತದೆ. ಹುಡುಗರು ಬರೆಯುವ ಕೊಳದ ಚಿತ್ರಗಳಲ್ಲಿ ಮರವನ್ನು ಹಾಗೆಯೇ ಮಗುಚಿ ಇಟ್ಟಿರುತ್ತಾರೆ. ನೋಡಿ ಬರೆದವನು ಯಾರು, ಊಹಿಸಿ ಬರೆದವನು ಯಾರು ಎಂಬುದನ್ನು ಇದೊಂದರಿಂದಲೇ ಹೇಳಿಬಿಡಬಹುದು.

ಬಣ್ಣಗಳ ನೆರೆಹೊರೆ

ಇಂಪ್ರೆಷನಿಸಂ ಕುರಿತು ಜನಪ್ರಿಯವಾದ ಒಂದು ವಿವರಣೆಯಿದೆ: ಈ ಚಿತ್ರಕಾರರು ಬಣ್ಣಗಳನ್ನು ಹಲಗೆಯ ಮೇಲೆ ಬೆರಸದೆ ಚುಕ್ಕೆಚುಕ್ಕೆಯಾಗಿ ಪಕ್ಕಪಕ್ಕದಲ್ಲಿ ಇಟ್ಟರು, ದೂರದಿಂದ ನೋಡುವಾಗ ಅವು ಕಣ್ಣಿನಲ್ಲಿ ಬೆರೆಯುತ್ತವೆ. ಇದರಲ್ಲಿ ಸತ್ಯಾಂಶವಿದೆಯಾದರೂ ಮೋನೆಯ ಮಟ್ಟಿಗೆ ಇದನ್ನು ಹಾಗೆಯೇ ಒಪ್ಪಲಾಗದು. ಲೆಕ್ಕ ಹಾಕಿ ನೋಡೋಣ. ಆರೋಗ್ಯವಾದ ಕಣ್ಣು ಬೇರ್ಪಡಿಸಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ೩ ಮೀಟರು ದೂರದಲ್ಲಿ ಇದು ಒಂದು ಮಿಲಿಮೀಟರಿಗಿಂತ ಕಡಿಮೆ ಅಗಲಕ್ಕೆ ಸಮ. ಒಂದೂವರೆ ಸೆಂಟಿಮೀಟರು ಅಗಲದ ಕುಂಚದ ಗುರುತುಗಳು ಪೂರ್ತಿಯಾಗಿ ಬೆರೆಯಬೇಕಾದರೆ ನೋಡುವವನು ಸುಮಾರು ೫೦ ಮೀಟರು ಹಿಂದೆ ಸರಿಯಬೇಕಾಗುತ್ತದೆ! ಯಾವ ಚಿತ್ರಶಾಲೆಯಲ್ಲಿ ಅಷ್ಟು ಸ್ಥಳವಿದೆ? ಹಾಗಿದ್ದರೆ ಆ ಚಿತ್ರಗಳಲ್ಲಿ ಬೆಳಕು ಮಿನುಗುವುದು ಬಣ್ಣಗಳು ಬೆರೆಯುವುದರಿಂದಲ್ಲ. ಬೆರೆಯದೆ ಪಕ್ಕಪಕ್ಕದಲ್ಲಿ ನಿಂತು ಒಂದನ್ನೊಂದು ಕೆಣಕುವುದರಿಂದ.

ಈ ಕೆಣಕುವಿಕೆಯ ನಿಯಮವನ್ನು ಕಂಡವನು ಷೆವ್ರಲ್ ಎಂಬ ಫ್ರೆಂಚ್ ರಸಾಯನವಿಜ್ಞಾನಿ. ಗೋಬ್ಲಾ ಎಂಬ ಹೆಸರಾಂತ ನೇಯ್ಗೆಯ ಕಾರ್ಖಾನೆಯ ಬಣ್ಣಗಾರಿಕೆಗೆ ಆತ ಮುಖ್ಯಸ್ಥ. ಕಪ್ಪು ನೂಲು ಕಪ್ಪಾಗಿ ತೋರುವುದಿಲ್ಲವೆಂಬ ದೂರು ಬಂದಾಗ ಪರೀಕ್ಷಿಸಿ ನೋಡಿದ. ನೂಲಿನಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಪಕ್ಕದ ಬಣ್ಣದಲ್ಲಿ. ಒಂದು ಬಣ್ಣ ನಮಗೆ ಹೇಗೆ ತೋರುವುದೆಂಬುದು ಅದರ ನೆರೆಯ ಬಣ್ಣವನ್ನು ಅವಲಂಬಿಸಿದೆಯೆಂದು ೧೮೩೯ರಲ್ಲಿ ಆತ ವಿಸ್ತಾರವಾಗಿ ಬರೆದ. ಕೆಂಪು, ಹಸುರಿನ ಪಕ್ಕದಲ್ಲಿ ಉರಿಯುತ್ತದೆ. ಕಿತ್ತಳೆಯ ಪಕ್ಕದಲ್ಲಿ ಮಂಕಾಗುತ್ತದೆ. ಮೋನೆಯ ಹಸುರು ಎಲೆಗಳ ನಡುವಣ ಗುಲಾಬಿ ಹೂವಿನ ಕಾಂತಿಗೆ ಇದೇ ಕಾರಣ.

ಈ ಪಾಠಕ್ಕೆ ಉಪಕರಣವನ್ನು ಹುಡುಕಿಕೊಂಡು ನಮ್ಮ ವಿದ್ಯಾರ್ಥಿಗಳು ಪ್ಯಾರಿಸಿಗೆ ಹೋಗಬೇಕಾಗಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಸಾಕು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಉಷ್ಣದ ಅಧ್ಯಾಯದ ಪಾಠವೊಂದು ಅಲ್ಲಿಯೇ ನಡೆದುಹೋಯಿತು. ಇನ್ನು ಬುಗುರಿಯನ್ನು ಆಡಿಸಿರಿ. ಅದರ ಬಣ್ಣದ ಬಳೆಗಳು ಎಷ್ಟು ವೇಗವಾಗಿ ತಿರುಗಿದರೂ ಬೆರೆಯುವುದಿಲ್ಲ. ಏಕೆಂದರೆ ಪ್ರತಿಯೊಂದು ಬಳೆಯೂ ತಿರುಗುವಾಗ ತನ್ನ ಜಾಗದಲ್ಲಿಯೇ ಇರುತ್ತದೆ. ಈಗ ಅದರ ನೆತ್ತಿಗೆ ಅರ್ಧ ಹಳದಿ, ಅರ್ಧ ನೀಲಿ ಬಳಿದ ದುಂಡು ಕಾಗದವನ್ನು ಅಂಟಿಸಿ ಆಡಿಸಿರಿ. ಎರಡು ಬಣ್ಣಗಳೂ ಕಣ್ಣಿನ ಅದೇ ಸ್ಥಳಕ್ಕೆ ಸರದಿಯಂತೆ ಬಂದು ಬೆರೆಯುತ್ತವೆ. ತೋರುವುದು ಹಸುರಲ್ಲ, ಹೆಚ್ಚುಕಡಿಮೆ ಬೂದು! ಬಟ್ಟಲಿನಲ್ಲಿ ಅದೇ ಹಳದಿ ನೀಲಿಗಳನ್ನು ಕಲಸಿದರೆ ಹಸುರೇ ಬರುತ್ತದೆ. ಬಟ್ಟಲಿನಲ್ಲಿ ಎರಡು ಬಣ್ಣಗಳೂ ಬೆಳಕನ್ನು ನುಂಗುತ್ತವೆ. ಎರಡೂ ನುಂಗದೆ ಬಿಟ್ಟದ್ದು ಹಸುರು ಮಾತ್ರ. ಬುಗುರಿಯಲ್ಲಾದರೋ ಎರಡು ಬೆಳಕುಗಳು ಕೂಡುತ್ತವೆ. ಬಣ್ಣವನ್ನು ಹೆಚ್ಚು ಕಲಸಿದಷ್ಟೂ ಬೆಳಕು ಕಳೆಯುತ್ತದೆ ಎಂಬ ಈ ಅರಿವೇ ಆ ಚಿತ್ರಕಾರರು ಶುದ್ಧವರ್ಣಗಳನ್ನು ಬಿಡಿಬಿಡಿಯಾಗಿ ಇಟ್ಟದ್ದಕ್ಕೆ ಕಾರಣ. ಅವರಿಗೆ ಆ ಶುದ್ಧವರ್ಣಗಳನ್ನು ಒದಗಿಸಿದ್ದೂ ವಿಜ್ಞಾನವೇ: ಕೋಬಾಲ್ಟ್ ನೀಲಿ, ಕೃತಕ ಅಲ್ಟ್ರಾಮರೀನ್, ಕ್ರೋಮಿಯಮ್ಮಿನ ಹೊಸ ಹಸುರು ಎಲ್ಲವೂ ಹತ್ತೊಂಬತ್ತನೆಯ ಶತಮಾನದ ರಸಾಯನಶಾಲೆಗಳಿಂದ ಬಂದವು. ೧೮೪೧ರಲ್ಲಿ ರ್‍ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ರೂಪಿಸಿದ ತವರದ ಹಿಂಡುಕೊಳವೆಯು ಬಣ್ಣವನ್ನು ಬಯಲಿಗೆ ಹೊತ್ತೊಯ್ಯುವುದನ್ನು ಸಾಧ್ಯವಾಗಿಸಿತು.

ರಾಮನ್ನರ ಸಮುದ್ರ

ನೀರಿನ ಬಣ್ಣದಲ್ಲಿ ಮೇಲ್ಮೈಯಿಂದ ಬಂದದ್ದೆಷ್ಟು, ಆಳದಿಂದ ಬಂದದ್ದೆಷ್ಟು? ಮೋನೆ ಕುಂಚದಿಂದ ಕೇಳುತ್ತಿದ್ದ ಈ ಪ್ರಶ್ನೆಯನ್ನು ಆತ ಬದುಕಿದ್ದಾಗಲೇ ಚಂದ್ರಶೇಖರ ವೆಂಕಟರಾಮನ್ನರು ಸ್ಫಟಿಕವೊಂದರಿಂದ ಕೇಳಿದರು. ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ಬೇರೇನೂ ಅಲ್ಲವೆಂಬುದು ಲಾರ್ಡ್ ರ್‍ಯಾಲೆಯ ಅಭಿಪ್ರಾಯವಾಗಿತ್ತು. ೧೯೨೧ರಲ್ಲಿ ಯೂರೋಪಿನ ಪ್ರಯಾಣದ ಕಾಲದಲ್ಲಿ ರಾಮನ್ನರು ಹಡಗಿನ ಮೇಲೆ ನಿಂತು ನಿಕಲ್ ಪಟ್ಟಕದ ಮೂಲಕ ಸಮುದ್ರವನ್ನು ನೋಡಿದರು. ನೀರಿನಿಂದ ಪ್ರತಿಫಲಿಸಿದ ಬೆಳಕು ಒಂದು ವಿಶಿಷ್ಟ ಕೋನದಲ್ಲಿ ಪೂರ್ಣವಾಗಿ ಧ್ರುವೀಕೃತವಾಗಿರುತ್ತದೆ. ನೀರಿಗೆ ಆ ಕೋನ ಸುಮಾರು ೫೩ ಡಿಗ್ರಿ. ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಆ ಬೆಳಕು ಅಳಿಸಿಹೋಗುತ್ತದೆ. ಆಕಾಶದ ಪ್ರತಿಬಿಂಬವನ್ನು ಹೀಗೆ ಅಳಿಸಿದ ಮೇಲೂ ಸಮುದ್ರ ನೀಲಿಯಾಗಿಯೇ ಇತ್ತು. ಅಷ್ಟೇ ಅಲ್ಲ, ಆ ನೀಲಿ ಇನ್ನೂ ಗಾಢವಾಗಿತ್ತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ತೀರ್ಮಾನಿಸಿದರು. ನೀರು ಕೆಂಪು ಬೆಳಕನ್ನು ಹೀರುವುದೂ ಆ ನೀಲಿಗೆ ಮುಖ್ಯ ಕಾರಣವೆಂದು ಇಂದು ತಿಳಿದಿದೆ. ಆ ಪ್ರಯಾಣದಲ್ಲಿ ಹೊರಟ ವಿಚಾರಸರಣಿಯೇ ೧೯೨೮ರ ರಾಮನ್ ಪರಿಣಾಮದವರೆಗೆ ಬಂದು ಮುಟ್ಟಿತು.

೧೯೩೩ರಲ್ಲಿ ಬೆಂಗಳೂರಿಗೆ ಬಂದ ರಾಮನ್ನರು ೧೯೪೮ರಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿ, ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನೂ ಕಣ್ಣಿನ ವರ್ಣಗ್ರಹಣವನ್ನೂ ಕುರಿತು ಅಭ್ಯಾಸಮಾಡಿದರು. ಬಣ್ಣವನ್ನು ಪ್ರೀತಿಸುವುದಕ್ಕೂ ಅಳೆಯುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ಬೆಳಕು ಬೇರೆ

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಹುಡುಗರು ಮೋನೆಯನ್ನು ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ಜಿವೆರ್ನಿ ಇರುವುದು ೪೯ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ರಾಮನಗರ ಸುಮಾರು ಹನ್ನೆರಡೂವರೆ, ಹದಿಮೂರರ ನಡುವೆ. ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಇಲ್ಲಿ ಏಪ್ರಿಲಿನ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟಿನ ನಡುವೆ ಒಮ್ಮೆ ನೆಟ್ಟಗೆ ನೆತ್ತಿಯ ಮೇಲೆ ನಿಂತು ನೆರಳನ್ನೇ ನುಂಗುತ್ತಾನೆ. ಅಲ್ಲಿಯ ಬೇಸಗೆಯ ಸಂಜೆ ದೀರ್ಘ. ಇಲ್ಲಿಯ ಸಂಜೆ ಸರ್ರನೆ ಕತ್ತಲಾಗುತ್ತದೆ. ಸುಮಾರು ೨೫೦ ಕೋಟಿ ವರ್ಷ ಹಳೆಯದಾದ ನಮ್ಮ ಬೂದುಗುಲಾಬಿ ಗ್ರಾನೈಟಿನ ಬೆಟ್ಟಗಳು ನೀರಿಗೆ ಕೊಡುವ ಬಣ್ಣ ಆ ವಿಲೋ ಮರಗಳ ಬಣ್ಣವಲ್ಲ. ಇಲ್ಲಿಯ ಬೆಳಕನ್ನು ಇಲ್ಲಿಯೇ ನೋಡಬೇಕು. ಊಟಿಯ ಬೆಟ್ಟಗಳ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ತಂದ ಕೆ. ವೆಂಕಟಪ್ಪನವರೂ (೧೮೮೬–೧೯೬೫), ಬೆಂಗಳೂರಿನ ಹೂಮರಗಳನ್ನು ಉಜ್ಜ್ವಲವರ್ಣಗಳಲ್ಲಿ ಚಿತ್ರಿಸಿದ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರೂ (೧೯೧೦–೧೯೮೮) ಮಾಡಿದ್ದು ಅದನ್ನೇ. ಮೋನೆಯಿಂದ ಕಲಿಯಬೇಕಾದದ್ದು ಶೈಲಿಯಲ್ಲ, ಪಟ್ಟು. ಭೂಮಿ ಗಂಟೆಗೆ ೧೫ ಡಿಗ್ರಿಯಂತೆ ತಿರುಗುತ್ತಿರಲು ಬೆಳಕು ಕಾಯುವುದಿಲ್ಲವೆಂದು ಅರಿತು ಆತ ಹಲವು ಚಿತ್ರಪಟಗಳನ್ನು ಒಟ್ಟಿಗೆ ಇಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೈಹಾಕುತ್ತಿದ್ದ. ಪ್ರಯೋಗಶಾಲೆಯಲ್ಲಿ ನಾವು ಬೇಡುವ ಶಿಸ್ತು ಇದೇ ಅಲ್ಲವೆ?

ನಮ್ಮ ನೀರುಗಳು

ಬೆಂಗಳೂರಿನಲ್ಲಿ ಕೆರೆಗಳನ್ನು ಕಟ್ಟಿಸಿದ ಕೆಂಪೇಗೌಡರ ವಂಶದವರು ಮುಂದೆ ಮಾಗಡಿಯಿಂದ ಆಳಿದರು. ಚನ್ನಪಟ್ಟಣದ ಬಳಿ ೧೯೪೬ರಲ್ಲಿ ಕಣ್ವ ಜಲಾಶಯವಾಯಿತು. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿ ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಊರೂರಿಗೆ ಕೆರೆ ಕಟ್ಟೆಗಳುಂಟು, ದೇವಾಲಯಗಳಿಗೆ ಕಲ್ಯಾಣಿಗಳುಂಟು. ಇವುಗಳಲ್ಲಿ ಎಷ್ಟರಲ್ಲಿ ಇಂದು ಮುಖ ಕಾಣುವಂತಿದೆ?

ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ತೆಗೆದುಕೊಳ್ಳಿರಿ. ಬೆಂಗಳೂರಿನ ಚರಂಡಿಯ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತ ವೃಷಭಾವತಿ ಈ ಕೆರೆಗೆ ಬಂದು ಸೇರುತ್ತ, ರೈತರ ಬೆಳೆಗೆಂದು ಕಟ್ಟಿದ ನೀರನ್ನು ಕೆಡಿಸಿದೆ. ಸುತ್ತಲಿನ ನೀರು, ಮಣ್ಣು, ಬೆಳೆಗಳಲ್ಲಿ ಭಾರಲೋಹಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಆ ನೀರಿನ ಮೇಲೆ ನೊರೆ ಏಳುವುದನ್ನು ಆ ಭಾಗದ ಜನರೆಲ್ಲರೂ ಬಲ್ಲರು. ಸಾಬೂನು ಮಾರ್ಜಕಗಳು ನೀರಿನ ಮೇಲ್ಮೈಯ ಬಿಗಿತವನ್ನು ತಗ್ಗಿಸುವುದರಿಂದ ಗುಳ್ಳೆಗಳು ಒಡೆಯದೆ ನಿಲ್ಲುತ್ತವೆ. ಲಕ್ಷಾಂತರ ಗುಳ್ಳೆಗಳ ಗೋಡೆಗಳಲ್ಲಿ ಬೆಳಕು ಎಲ್ಲ ದಿಕ್ಕಿಗೂ ಚದುರಿ ನೊರೆ ಬೆಳ್ಳಗೆ ಕಾಣುತ್ತದೆ. ಅಲ್ಲಿ ಆಕಾಶವಿಲ್ಲ, ಆಳವಿಲ್ಲ. ಮೋನೆಯ ಎರಡು ದಿಕ್ಕಿನ ಎಳೆತಗಳಿಗೂ ಅಲ್ಲಿ ಕೆಲಸವಿಲ್ಲ. ಪ್ರತಿಬಿಂಬ ಸತ್ತ ನೀರು ಅದು.

ಇದಕ್ಕಿಂತ ಮೋಸದ ಇನ್ನೊಂದು ದೃಶ್ಯವಿದೆ. ದಕ್ಷಿಣ ಅಮೆರಿಕದಿಂದ ಬಂದ ತೇಲುಗಳೆಯೊಂದು, ಹಲವೆಡೆ ಜನ ಅಂತರಗಂಗೆಯೆಂದು ಕರೆಯುವಂಥದು, ಕೆರೆಯನ್ನು ದಡದಿಂದ ದಡಕ್ಕೆ ಹೊದೆಯುತ್ತದೆ. ಹೂಬಿಟ್ಟಾಗ ಕೆರೆಯೆಲ್ಲ ತಿಳಿನೇರಳೆ. ಹಾದುಹೋಗುವವರು ನಿಂತು ಛಾಯಾಚಿತ್ರ ತೆಗೆಯುತ್ತಾರೆ. ಆದರೆ ಆ ಹೊದಿಕೆಯ ಕೆಳಗೆ ಬೆಳಕಿಲ್ಲ; ಬೆಳಕಿಲ್ಲದ್ದರಿಂದ ನೀರೊಳಗಿನ ಸಸ್ಯಗಳು ಆಮ್ಲಜನಕವನ್ನು ಉತ್ಪಾದಿಸಲಾರವು; ಸತ್ತ ಎಲೆಗಳು ಕೊಳೆತು ಇದ್ದ ಆಮ್ಲಜನಕವೂ ತೀರಿ ಮೀನು ಸಾಯುತ್ತದೆ. ಚರಂಡಿಯ ನೀರು ತಂದ ಗೊಬ್ಬರವೇ ಈ ಹೂವಿನ ಸೊಬಗಿಗೆ ಮೂಲ. ಬರಿಯ ಸೌಂದರ್ಯದೃಷ್ಟಿ ಇಲ್ಲಿ ದಾರಿತಪ್ಪಿಸುತ್ತದೆ. ನೈದಿಲೆಗಳ ನಡುವೆ ನೀರನ್ನು ಬಿಟ್ಟ ಕೊಳಕ್ಕೂ ನೀರೇ ಕಾಣದ ಹೂವಿನ ಹಾಸಿಗೂ ಇರುವ ಅಂತರವನ್ನು ನೋಡಲು ಕಣ್ಣಿನೊಡನೆ ವಿಜ್ಞಾನವೂ ಬೇಕು.

ಎರಡು ಆಕ್ಷೇಪಣೆಗಳು

ಲೆಕ್ಕ ಹಾಕಿದರೆ ಚಿತ್ರದ ರಸ ಕೆಡುವುದೆಂದು ರಸಿಕರು ಹೇಳುವುದುಂಟು. ತಾಳದ ಲೆಕ್ಕವನ್ನು ಬಲ್ಲವನಿಗೆ ಸಂಗೀತ ಕಹಿಯಾಗುವುದಿಲ್ಲವಷ್ಟೆ. ಐವತ್ತು ಮೀಟರಿನ ಲೆಕ್ಕವನ್ನು ಮಾಡಿದವನು ಚಿತ್ರದ ಬಳಿಗೆ ಇನ್ನಷ್ಟು ಕುತೂಹಲದಿಂದ ಹೋಗುತ್ತಾನೆಯೇ ಹೊರತು ಮುಖ ತಿರುಗಿಸುವುದಿಲ್ಲ.

ಕಣ್ಣನ್ನು ನಂಬಲಾಗದು, ಉಪಕರಣವನ್ನು ನಂಬಬೇಕು ಎಂಬುದು ಇನ್ನೊಂದು ಆಕ್ಷೇಪಣೆ. ಇದರಲ್ಲಿ ಹುರುಳಿದೆ. ೧೯೧೨ರಲ್ಲಿ ಮೋನೆಗೆ ಕಣ್ಣಿನ ಪೊರೆಯಿರುವುದು ಗೊತ್ತಾಯಿತು. ಹಳದಿಯಾದ ಮಸೂರವು ನೀಲಿಯನ್ನು ತಡೆಯುತ್ತಿದ್ದ ಆ ಕಾಲದ ಕೆಲವು ಚಿತ್ರಗಳಲ್ಲಿ ಕೆಂಪು ಕಂದುಗಳೇ ಮುಂದಾಗಿವೆ. ೧೯೨೩ರಲ್ಲಿ ಶಸ್ತ್ರಚಿಕಿತ್ಸೆಯಾದ ಬಳಿಕ ಲೋಕವು ಆತನಿಗೆ ನೀಲಿಯಾಗಿ ತೋರಿತು. ಕಣ್ಣೂ ಒಂದು ಉಪಕರಣ, ಅದಕ್ಕೂ ದೋಷವುಂಟು. ಆದರೆ ಉಪಕರಣದ ದೋಷವನ್ನು ಅರಿತು ಅದನ್ನು ಬಳಸುವುದೇ ವಿಜ್ಞಾನ, ಬಿಸಾಡುವುದಲ್ಲ. ಏನನ್ನು ಅಳೆಯಬೇಕೆಂದು ಹೇಳುವುದು ಕಣ್ಣೇ. ಸಮುದ್ರವನ್ನು ನೋಡಿ ಬೆರಗಾಗದಿದ್ದರೆ ರಾಮನ್ನರು ಪಟ್ಟಕವನ್ನು ಕೈಗೆ ತೆಗೆದುಕೊಳ್ಳುತ್ತಿದ್ದರೆ?

ಆಗಬೇಕಾದದ್ದು

ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ತನಗೆ ಹತ್ತಿರವಾದ ಒಂದು ಕೆರೆಯನ್ನೋ ಕಲ್ಯಾಣಿಯನ್ನೋ ಆರಿಸಿಕೊಂಡು ವರ್ಷವಿಡೀ ನೋಡಬೇಕೆಂದು ನಾವು ಸೂಚಿಸುತ್ತೇವೆ. ವಾರಕ್ಕೊಂದು ದಿನ, ನಿಶ್ಚಿತವಾದ ಒಂದೇ ಸ್ಥಳದಿಂದ, ಬೆಳಗ್ಗೆ, ಮಧ್ಯಾಹ್ನ, ಸಂಜೆ. ನೀರಿನ ಬಣ್ಣವನ್ನು ಜಲವರ್ಣದಲ್ಲಿ ಗುರುತುಮಾಡಲಿ. ಚಿತ್ರ ಚೆನ್ನಾಗಿರಬೇಕೆಂದೇನೂ ಇಲ್ಲ, ಪ್ರಾಮಾಣಿಕವಾಗಿದ್ದರೆ ಸಾಕು. ಧ್ರುವಕ ಗಾಜಿನ ಹಳೆಯ ತಂಪು ಕನ್ನಡಕದ ತುಂಡೊಂದನ್ನು ಕಣ್ಣಿಗೆ ಹಿಡಿದು ತಿರುಗಿಸಿದರೆ ರಾಮನ್ನರ ಪ್ರಯೋಗವೇ ಆಯಿತು: ತಿಳಿನೀರಿನಲ್ಲಿ ಆಕಾಶ ಅಳಿಸಿ ಆಳ ತೋರುತ್ತದೆ, ನೊರೆಯ ಮೇಲೆ ಏನೂ ಬದಲಾಗುವುದಿಲ್ಲ. ಬಿಳಿಯ ತಟ್ಟೆಯೊಂದಕ್ಕೆ ಭಾರ ಕಟ್ಟಿ ಅಳತೆಯ ಹಗ್ಗದಲ್ಲಿ ಇಳಿಸಿ, ಎಷ್ಟು ಆಳದಲ್ಲಿ ಅದು ಕಣ್ಮರೆಯಾಯಿತೆಂದು ಬರೆದಿಡಲಿ. ಇಟಲಿಯ ಸೆಕ್ಕಿ ಎಂಬ ಖಗೋಳವಿಜ್ಞಾನಿ ೧೮೬೫ರಲ್ಲಿ ಬಳಕೆಗೆ ತಂದ ಈ ಸರಳ ವಿಧಾನದಿಂದ ನೀರಿನ ತಿಳಿತನವನ್ನು ಇಂದಿಗೂ ಅಳೆಯುತ್ತಾರೆ. ಅಧ್ಯಾಪಕರು ಜೊತೆಗಿರಬೇಕು, ಕೆಟ್ಟ ನೀರಿಗೆ ಕೈಹಾಕದೆ ದಡದಿಂದಲೇ ನೋಡಬೇಕು.

ಇದರಿಂದ ಬರುವ ಲಾಭ ಪರೀಕ್ಷೆಯ ಅಂಕಗಳಿಗಿಂತ ದೊಡ್ಡದು. ಮೋನೆಯ ಕಾಲದ ನಂತರ ಜಿವೆರ್ನಿಯ ತೋಟ ಹಾಳುಬಿದ್ದಿತು. ಕೊಳದ ದಡ ಕುಸಿಯಿತು, ಸೇತುವೆ ಕೊಳೆಯಿತು. ಆದರೂ ಕೊಳವನ್ನು ಮತ್ತೆ ತೋಡಿ, ಸೇತುವೆಯನ್ನು ಮತ್ತೆ ಕಟ್ಟಿ, ೧೯೮೦ರಲ್ಲಿ ತೋಟವನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಅದು ಹಿಂದೆ ಹೇಗಿತ್ತೆಂಬುದಕ್ಕೆ ದಾಖಲೆಗಳಿದ್ದುವು. ನಮ್ಮ ಕೆರೆಗಳಿಗೆ ಅಂಥ ದಾಖಲೆ ಎಲ್ಲಿದೆ? ಇಂದು ಹುಟ್ಟಿದ ಮಗು ನೊರೆಯನ್ನೇ ಕಂಡು ಬೆಳೆದರೆ ಕೆರೆಯೆಂದರೆ ನೊರೆಯೆಂದೇ ತಿಳಿದುಕೊಳ್ಳುತ್ತದೆ. ತಿಳಿನೀರನ್ನು ಕೇಳಬೇಕೆಂಬ ಯೋಚನೆಯೂ ಅದಕ್ಕೆ ಬಾರದು. ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬಳು ತನ್ನ ಊರಿನ ಕೆರೆಯ ಐವತ್ತೆರಡು ವಾರಗಳ ಬಣ್ಣವನ್ನೂ ಆಳವನ್ನೂ ಬರೆದಿಟ್ಟ ಪುಸ್ತಕವನ್ನು ಪಂಚಾಯಿತಿಯ ಮುಂದಿಟ್ಟರೆ, ಅದನ್ನು ಬರಿಯ ದೂರೆಂದು ತಳ್ಳಿಹಾಕುವುದು ಸುಲಭವಲ್ಲ. ಅದು ಸಾಕ್ಷ್ಯ.

ಬೆಳಕಿನ ನಿಯಮಗಳು ಪುಸ್ತಕದಲ್ಲಿ ಭದ್ರವಾಗಿವೆ. ಅವಕ್ಕೆ ನಮ್ಮ ಕಾವಲು ಬೇಡ. ಕಾವಲು ಬೇಕಾಗಿರುವುದು ಆ ನಿಯಮಗಳು ಕಣ್ಣಿಗೆ ಕಾಣುವ ನೀರಿಗೆ. ಮುಂದಿನ ಬಾರಿ ಬೆಳಕಿನ ಪಾಠ ಆರಂಭವಾದಾಗ ಕಪ್ಪುಹಲಗೆಯ ಅಡ್ಡಗೆರೆಯನ್ನು ಎಳೆಯುವುದಕ್ಕೆ ಮುನ್ನ ತರಗತಿಯನ್ನು ಕೆರೆಯ ದಡಕ್ಕೆ ಕರೆದೊಯ್ಯಲಿ. ಗೆರೆಯನ್ನು ಆಮೇಲೆ ಎಳೆಯಬಹುದು.